ಕರಡಿ ಇದೆ, ದಾಖಲೆ ಇಲ್ಲ

ಜನವರಿ 6, ಸೋಮವಾರ

ಇವತ್ತಿನಿಂದ ನಾದಿನಿ ನನ್ನ ಯಜಮಾನಿ. ಮನೆಯಲ್ಲಿ ನಾನು ಅವಳಿಗೆ ಅತ್ತಿಗೆ, ಅಂಗಡಿಯಲ್ಲಿ ಅವಳು ನನಗೆ ಸಂಬಳ ಕೊಡುವವಳು. ಎರಡರ ನಡುವಿನ ಹೊಸ್ತಿಲು ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿಲ್ಲ. ಬೆಳಿಗ್ಗೆ ನನ್ನನ್ನು ಕಂಡು ಅವಳು ಗೌರವಕ್ಕೆ ಎದ್ದು ನಿಂತಳು. ಯಜಮಾನಿ ನಿಂತಿರುವಾಗ ನಾನು ಹೇಗೆ ಕೂರಲಿ? ಇಬ್ಬರೂ ನಿಂತುಕೊಂಡೇ ಕೆಲಸದ ಮಾತು ಮುಗಿಸಿದೆವು.

ಅವಳದು ನಾಟಕದ ಉಡುಪುಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಮೂರು ಮಹಡಿ, ಒಂದು ಇಕ್ಕಟ್ಟಾದ ಮೆಟ್ಟಿಲು, ಸಾಲುಸಾಲಾಗಿ ನೇತಾಡುವ ಸೈನಿಕರು, ರಾಣಿಯರು, ದೇವದೂತರು, ಒಂದು ಕರಡಿ. ಕಟ್ಟಿದವರು ಅತ್ತೆ. ಮೊಣಕಾಲು ಮೆಟ್ಟಿಲಿಗೆ ಒಪ್ಪದಿದ್ದ ಮೇಲೆ ಮಗಳಿಗೆ ಬಿಟ್ಟುಕೊಟ್ಟು, ಈಗ ನಮ್ಮ ಮನೆಯ ಕಿಟಕಿಯ ಬಳಿ ಕೂತು ದಾರಿಹೋಕರ ಬಟ್ಟೆಗಳ ತಪ್ಪು ಹೊಲಿಗೆ ಎಣಿಸುತ್ತಾರೆ.

ಯಾವ ಉಡುಪು ಯಾವ ದಿನ ಯಾರಿಗೆ ಎಂಬುದು ನಾದಿನಿಯ ತಲೆಯಲ್ಲಿದೆ, ಉಳಿದದ್ದು ಗೋಡೆಗೆ ಹೊಡೆದ, ಚೀಟಿ ಸಿಕ್ಕಿಸುವ ಮೊಳೆಗಳ ಹಲಗೆಯಲ್ಲಿದೆ. ಹೋದ ಸೀಸನ್ನಿನಲ್ಲಿ ಒಂದೇ ಪೊಲೀಸ್ ಸಮವಸ್ತ್ರವನ್ನು ಇಬ್ಬರಿಗೆ ಒಪ್ಪಿಕೊಂಡು, ಒಂದು ನಾಟಕದಲ್ಲಿ ಅಂಚೆಯವನು ಬಂದು ಕಳ್ಳನನ್ನು ಹಿಡಿಯಬೇಕಾಯಿತಂತೆ. "ತಾಯಿಯ ಕಾಲದಲ್ಲಿ ಕೊಟ್ಟ ಮಾತು ತಪ್ಪುತ್ತಿರಲಿಲ್ಲ" ಎಂಬ ಮಾತು ನಾದಿನಿಯ ಕಿವಿಗೆ ಬಿತ್ತು. ಅದಕ್ಕೇ ನಾನು. ಬುಕಿಂಗ್ ನೋಡಿಕೊಳ್ಳಲು ಒಂದು ವೆಬ್ ಅಪ್ಲಿಕೇಶನ್ ಮಾಡಿಕೊಡಬೇಕು.

ಇಪ್ಪತ್ತು ವರ್ಷ ದೊಡ್ಡ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕಿದವಳು ನಾನು. ಸ್ವತಃ ಒಂದನ್ನೂ ಕಟ್ಟಿದವಳಲ್ಲ. ಊಟಕ್ಕೆ ಕೂತು ಉಪ್ಪು ಕಡಿಮೆ ಎನ್ನುತ್ತಿದ್ದವಳಿಗೆ ಸೌಟು ಕೊಟ್ಟ ಹಾಗೆ. ಕಂಪನಿ ನನ್ನನ್ನು ಮನೆಗೆ ಕಳಿಸಿ ಆರು ತಿಂಗಳಾಗಿರದಿದ್ದರೆ ಒಪ್ಪುತ್ತಿದ್ದೆನೇ? ಕೇಳಿಕೊಳ್ಳದಿರುವುದೇ ಲೇಸು.

"ಸೀಸನ್ ಮುಗಿಯೋವರೆಗೆ ನೋಡೋಣ ಅತ್ತಿಗೆ" ಎಂದಳು ನಾದಿನಿ. "ಒಬ್ಬರಿಗೆ ಕೊಟ್ಟ ಮಾತು ತಪ್ಪಿದರೂ ನಾನು ವಾಪಸ್ ಹಲಗೆಗೆ ಹೋಗ್ತೀನಿ. ಆಗ ನೀವು ಬೇಜಾರು ಮಾಡ್ಕೋಬಾರದು."

ಇಲ್ಲ ಎಂದೆ. ಮಾರ್ಚ್ ಹೊತ್ತಿಗೆ ನನಗೆ ಸರಿಯಾದ ಕೆಲಸ ಸಿಕ್ಕಿರುತ್ತದೆ. ಇದು ಅಲ್ಲಿಯವರೆಗಿನ ಮಾತು.


ಜನವರಿ 10, ಶುಕ್ರವಾರ

ಫ್ರೇಮ್‌ವರ್ಕ್ ಎಂಬುದು ಗೋಡೆ, ಛಾವಣಿ, ನಲ್ಲಿ ಎಲ್ಲ ಇರುವ ಖಾಲಿ ಮನೆ. ಒಳಗೆ ಯಾರ್ಯಾರು ಇರುತ್ತಾರೆ ಎಂದು ನಾವು ಹೇಳಿದರೆ ಸಾಕು. ಉಡುಪು ಎಂದರೇನು, ಗಿರಾಕಿ ಎಂದರೆ ಯಾರು, ಬುಕಿಂಗ್ ಎಂದರೆ ಯಾವುದು ಎಂದು ನಾಲ್ಕು ಸಾಲು ಬರೆದರೆ, ಅದು ತಾನೇ ಡೇಟಾಬೇಸಿನಲ್ಲಿ ಒಂದೊಂದಕ್ಕೂ ಟೇಬಲ್ ಹಾಕಿಕೊಡುತ್ತದೆ. ನಾನು ನೋಡಿ ಕಲಿಯುತ್ತಿರುವ ಆನ್‌ಲೈನ್ ಪಾಠದಲ್ಲಿ ಹಾಗಿದೆ.

ಪಾಠ ಬರೆದವರಿಗೆ ಸೂಜಿಯಮ್ಮ ಗೊತ್ತಿಲ್ಲ. ಆಕೆ ಅತ್ತೆಯ ಕಾಲದಿಂದ ಇಲ್ಲಿ ಹೊಲಿಯುವವರು. ನಾದಿನಿಯನ್ನು ಪುಟ್ಟಿ ಎನ್ನುತ್ತಾರೆ, ನನ್ನನ್ನು ಸೊಸೆಯಮ್ಮ. ಉಡುಪು ಎಂದರೇನು ಎಂಬ ನನ್ನ ನಾಲ್ಕು ಸಾಲು ಓದಿ ಹೇಳಿದೆ. ಕಿರೀಟ ಉಡುಪೋ ಅಲ್ಲವೋ ಎಂದು ಕೇಳಿದರು. ಸೇರಿಸಿದೆ. ರೆಕ್ಕೆ? ಸೇರಿಸಿದೆ. ಕರಡಿ ಒಂದೋ ಮೂರೋ? ಮೈ ಬೇರೆ, ತಲೆ ಬೇರೆ, ಒಗೆಯಲು ಅನುಕೂಲವಾಗಲೆಂದು ನಾಲಿಗೆಯೂ ಬೇರೆ ಬರುತ್ತದಂತೆ. ಅರ್ಧ ದಿನ ಯೋಚಿಸಿ ಕರಡಿ ಒಂದು ಎಂದು ತೀರ್ಮಾನಿಸಿದೆ.

ಹೀಗೆ ಮನಸ್ಸು ಬದಲಿಸಿದಾಗಲೆಲ್ಲ ಫ್ರೇಮ್‌ವರ್ಕ್ ಆ ಬದಲಾವಣೆಯನ್ನು ಒಂದು ಪುಟ್ಟ ಫೈಲಿನಲ್ಲಿ ನಂಬರು ಹಾಕಿ ಬರೆದಿಡುತ್ತದೆ. ಅದಕ್ಕೆ ಮೈಗ್ರೇಶನ್ ಎಂದು ಹೆಸರು. ವಾರ ಮುಗಿಯುವುದರೊಳಗೆ ನನ್ನವು ಹತ್ತೊಂಬತ್ತಾಗಿವೆ. ಮದುವೆಯಾದಾಗಿನಿಂದ ನನ್ನ ವಿಷಯದಲ್ಲಿ ಎಷ್ಟಾಗಿರಬಹುದು ಎಂದು ಇವರು ಕೇಳಿದರು. ಇವರು ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವವರು, ದಿನವಿಡೀ ಜನರಿಗೆ "ಇದು ಚೆನ್ನಾಗಿ ಕಾಣುತ್ತಾ, ಅದಾ?" ಎಂದು ಕೇಳಿ ಕೇಳಿ ಮನೆಯಲ್ಲೂ ಪ್ರಶ್ನೆಯ ಚಟ.


ಜನವರಿ 21, ಮಂಗಳವಾರ

ನಾದಿನಿಗೆ ಇನ್ನೊಂದು ಅಂಕಣ ಬೇಕಂತೆ: ಈ ಉಡುಪು ಯಾವುದರಿಂದ ಆಯಿತು.

ಕಾರಣವಿದೆ. ಅತ್ತೆಯ ಬಳಿ ಮೊದಲು ಒಂದು ರಾಜನ ನಿಲುವಂಗಿ ಇತ್ತು. ಕೆಂಪು ಮಖಮಲ್ಲು, ಹಿಂದೆ ಮೂರು ಜನ ಎತ್ತಿ ಹಿಡಿಯಬೇಕಾದಷ್ಟು ಉದ್ದದ ಬಾಲ. ರಾಜರ ನಾಟಕ ಕಡಿಮೆಯಾದಂತೆ ಅತ್ತೆ ಅದನ್ನು ಕತ್ತರಿಸತೊಡಗಿದರು. ಸೈನಿಕರ ಕಾಲರು, ರಾಣಿಯ ರವಿಕೆ, ವಿದೂಷಕನ ಅರ್ಧ ಚಲ್ಲಣ, ಜಾದೂಗಾರನ ಮೇಲಂಗಿಯ ಒಳಭಾಗ, ಕೊನೆಗೆ ಕರಡಿಯ ನಾಲಿಗೆ. ಎಲ್ಲಿ ಕೆಂಪು ಬೇಕೋ ಅಲ್ಲೆಲ್ಲ ಅದೇ. ಈಗ ಒಂದು ಹರಿದರೆ, ಅದೇ ಬಣ್ಣದ ತುಂಡು ಯಾರ ಒಳಮಡಿಕೆಯಿಂದ ಕದಿಯಬಹುದು ಎಂದು ತಿಳಿಯಲು ಅಣ್ಣತಮ್ಮಂದಿರು ಯಾರೆಂದು ಗೊತ್ತಿರಬೇಕು. ನಿಲುವಂಗಿಯೇ ಈಗ ಇಲ್ಲ. ಆದರೂ ಅದಕ್ಕೊಂದು ಸಾಲು ಬೇಕು, ಅದರ ಹೆಸರನ್ನು ಮಕ್ಕಳೆಲ್ಲ ಹಿಡಿದುಕೊಳ್ಳಲು.

ಹಾಗಾಗಿ ಪ್ರತಿ ಉಡುಪಿಗೂ ಒಂದು ತಾಯಿ. ನಾಲಿಗೆಯ ದೆಸೆಯಿಂದ ಇಡೀ ಕರಡಿ ರಾಜನ ನಿಲುವಂಗಿಯ ಮಗುವಾಯಿತು.

ಇದನ್ನು ಬರೆಯುವಾಗ ಫ್ರೇಮ್‌ವರ್ಕ್ ಒಂದು ಪ್ರಶ್ನೆ ಕೇಳುತ್ತದೆ: ತಾಯಿಯನ್ನು ಅಳಿಸಿದರೆ ಮಕ್ಕಳನ್ನು ಏನು ಮಾಡಲಿ? ಉತ್ತರ ಕೊಡದೆ ಮುಂದೆ ಬಿಡುವುದಿಲ್ಲ. ಪಾಠದಲ್ಲಿ ಕ್ಯಾಸ್ಕೇಡ್ ಎಂದಿತ್ತು, ಅಂದರೆ ಮಕ್ಕಳೂ ಜೊತೆಗೆ ಹೋಗಲಿ ಎಂದು. ಅಲ್ಲಿ ಒಂದು ಲೇಖನ, ಅದರ ಕೆಳಗೆ ಓದುಗರ ಟಿಪ್ಪಣಿಗಳು. ಲೇಖನ ಹೋದ ಮೇಲೆ ಟಿಪ್ಪಣಿಗಳಿಗೆ ಏನು ಕೆಲಸ? ಒಪ್ಪುವಂತಿತ್ತು. ಹಾಗೇ ಬರೆದೆ. ಊಟದ ಹೊತ್ತಾಗಿತ್ತು.


ಜನವರಿ 28, ಮಂಗಳವಾರ

ಸೂಜಿಯಮ್ಮ ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಅಂಗಡಿಯ ಅಷ್ಟೂ ಉಡುಪು ಏರಿಸಿ ಮುಗಿಸಿದರು. ಹೆಸರಿನ ಜಾಗದಲ್ಲಿ ತಮ್ಮ ಅಭಿಪ್ರಾಯವನ್ನೂ ಸೇರಿಸಿದ್ದಾರೆ. "ದೇವದೂತ, ಬಿಳಿ, ಈಗ ಬಿಳಿ ಅಲ್ಲ." "ಸೇನಾಪತಿ, ಹೊಟ್ಟೆ ಇರುವವರಿಗೆ ಕೊಡಬೇಡಿ." ತೆಗೆಯಲು ಹೇಳೋಣವೆಂದಿದ್ದೆ. ಆಮೇಲೆ ನೋಡಿದರೆ ಎಲ್ಲವೂ ಉಪಯುಕ್ತ ಮಾಹಿತಿ.

ನಾನು ಒಂದು ನಿಯಮ ಹಾಕಿದೆ: ಒಂದು ಉಡುಪು, ಒಂದು ದಿನ, ಒಬ್ಬರೇ ಗಿರಾಕಿ. ಎರಡನೆಯವರಿಗೆ ಡೇಟಾಬೇಸೇ ಬಾಗಿಲು ಹಾಕುತ್ತದೆ, ಮನುಷ್ಯರ ಮುಲಾಜು ನಡೆಯುವುದಿಲ್ಲ. ಸೂಜಿಯಮ್ಮನಿಗೆ ಹಿಡಿಸಲಿಲ್ಲ. "ಕೇಳಿದವರಿಗೆ ಇಲ್ಲ ಅನ್ನೋಕೆ ಇಷ್ಟು ಖರ್ಚು ಮಾಡ್ಬೇಕಿತ್ತಾ?" ಎಂದರು.

ಎಲ್ಲದರ ಒಂದು ಪ್ರತಿ ತೆಗೆದಿಟ್ಟೆ. ದಿನವೂ ತಾನೇ ಪ್ರತಿ ತೆಗೆಯುವಂತೆ ಮಾಡಬೇಕು. ಸೋಮವಾರ ಮಾಡುತ್ತೇನೆ.


ಫೆಬ್ರವರಿ 5, ಬುಧವಾರ

ಸೀಸನ್ನಿನ ಬುಕಿಂಗ್ ಹರಿದುಬರುತ್ತಿದೆ. ಶಾಲೆಗಳು, ನಾಟಕ ತಂಡಗಳು, ಒಂದು ಬ್ಯಾಂಕು. ಒಂದು ಶಾಲೆಗೆ ನಲವತ್ತು ಸೈನಿಕರು ಬೇಕು, ನಮ್ಮಲ್ಲಿರುವುದು ಮೂವತ್ತೊಂದು. ಕಂಪ್ಯೂಟರಿನ ಪರದೆ ತಾನೇ ಹಾಗೆ ಹೇಳಿತು. ನಾದಿನಿ ಅರ್ಧ ಗಂಟೆ ಅದನ್ನೇ ನೋಡುತ್ತ ಕೂತಳು. ಸಂಜೆ ಮೊಳೆಯ ಹಲಗೆಯನ್ನು ಗೋಡೆಯಿಂದ ಇಳಿಸಿ ಮೆಟ್ಟಿಲಡಿ ಇಟ್ಟಳು. ನಾನು ನೋಡಿಯೂ ನೋಡದವಳಂತೆ ಇದ್ದೆ. ಹೆಮ್ಮೆ ಪಡುವಾಗ ಮುಖ ಹೇಗೆ ಇಟ್ಟುಕೊಳ್ಳಬೇಕೆಂದು ನನಗೆ ಯಾವತ್ತೂ ತಿಳಿದಿಲ್ಲ.

ಒಂದು ಕಂಪನಿಯಿಂದ ಕರೆ. ಇಪ್ಪತ್ತೆರಡಕ್ಕೆ, ಶನಿವಾರ ಸಂಜೆ ಐದಕ್ಕೆ, ಫೋನಿನಲ್ಲೇ ಸಂದರ್ಶನ. ನನ್ನ ಹಳೆಯ ಕೆಲಸವೇ, ಸಂಬಳ ಸ್ವಲ್ಪ ಹೆಚ್ಚು.

ಪ್ರತಿ ತೆಗೆಯುವ ವ್ಯವಸ್ಥೆ ಇನ್ನೂ ಮಾಡಿಲ್ಲ. ಈ ಸೋಮವಾರ.


ಫೆಬ್ರವರಿ 11, ಮಂಗಳವಾರ

ಸ್ವಚ್ಛ ಮಾಡೋಣವೆನಿಸಿತು.


ಫೆಬ್ರವರಿ 12, ಬುಧವಾರ

ನಿನ್ನೆ ಒಂದೇ ಸಾಲು ಬರೆದು ಮಲಗಿದೆ. ಈಗ ಪೂರ್ತಿ ಬರೆಯುತ್ತೇನೆ, ಯಾರೂ ಓದುವವರಿಲ್ಲ.

ನಿನ್ನೆ ಮಧ್ಯಾಹ್ನ ಉಡುಪುಗಳ ಟೇಬಲಿನಲ್ಲಿ ರಾಜನ ನಿಲುವಂಗಿ ಕಣ್ಣಿಗೆ ಬಿತ್ತು. ಇಲ್ಲದ ಬಟ್ಟೆಗೆ ಒಂದು ಸಾಲು ಏಕೆ? ಯಾರಾದರೂ ಬುಕ್ ಮಾಡಿಬಿಟ್ಟರೆ? ಅಳಿಸು ಎಂದೆ. ಫ್ರೇಮ್‌ವರ್ಕ್ ಸಭ್ಯವಾದದ್ದು. ಇದರ ಜೊತೆ ಇವೂ ಹೋಗುತ್ತವೆ ಎಂದು ಪುಟಗಟ್ಟಲೆ ಪಟ್ಟಿ ತೋರಿಸಿ, ಖಚಿತವೇ ಎಂದು ಕೇಳಿತು. ಆ ಪಟ್ಟಿಯನ್ನು ಜಾರಿಸುತ್ತ ಕೆಳಗೆ ಹೋಗಿ, ಖಚಿತ ಎಂದೆ. ಎಚ್ಚರಿಕೆಯ ಮಾತನ್ನು ಜನ ಓದುವುದಿಲ್ಲ ಎಂದು ಇಪ್ಪತ್ತು ವರ್ಷ ವರದಿ ಬರೆದವಳು ನಾನೇ.

ರಾಜ ಹೋದ. ಜೊತೆಗೆ ಅವನ ಮಕ್ಕಳು: ಸೈನಿಕರು, ರಾಣಿ, ವಿದೂಷಕ, ಜಾದೂಗಾರ, ಕರಡಿ. ಮಕ್ಕಳ ಮಕ್ಕಳು. ಅವರ ಹೆಸರಿನಲ್ಲಿದ್ದ ಬುಕಿಂಗುಗಳು. ಎಲ್ಲೆಲ್ಲಿ ಕೆಂಪಿತ್ತೋ ಅಷ್ಟೂ.

ಇಟ್ಟುಕೊಂಡ ಪ್ರತಿಯಿಂದ ಉಡುಪುಗಳನ್ನು ವಾಪಸ್ ತರಬಹುದು, ಇವತ್ತು ರಾತ್ರಿಯೊಳಗೆ ಆಗುತ್ತದೆ. ಗಿರಾಕಿಗಳ ಹೆಸರು, ಫೋನ್ ನಂಬರು ಬೇರೆ ಟೇಬಲು, ಅವು ಉಳಿದಿವೆ. ಆದರೆ ಬುಕಿಂಗ್ ಬಂದದ್ದೆಲ್ಲ ಆ ಪ್ರತಿ ತೆಗೆದ ಮೇಲೆ. ಯಾರಿಗೆ ಏನು, ಯಾವ ದಿನ ಎಂಬುದು ಎಲ್ಲೂ ಇಲ್ಲ. ಮೊದಲ ನಾಟಕ ಹತ್ತು ದಿನದಲ್ಲಿದೆ.

ನಾದಿನಿ ಇವತ್ತು ಬ್ಯಾಂಕಿನವರ ಅಳತೆಗೆ ಹೋಗಿದ್ದಳು. ನಾನು ಅವಳಿಗೆ ಸುಳ್ಳು ಹೇಳಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ, ಅಷ್ಟೇ. ಈ ವಾದ ನನಗೇ ಹಿಡಿಸಲಿಲ್ಲ.

ಸೂಜಿಯಮ್ಮ ಬಂದು ಕರಡಿ ಯಾವಾಗ ಹೊರಡುತ್ತದೆ ನೋಡಿ ಹೇಳಿ, ಜಿಪ್ ಸರಿಮಾಡಬೇಕು ಎಂದರು. ಕರಡಿ ಇಲ್ಲ ಎಂದೆ. ಅವರು ತಿರುಗಿ ನೋಡಿದರು. ಕರಡಿ ಎಂದಿನಂತೆ ಬಾಗಿಲ ಹಿಂದೆ ನಾಲಿಗೆ ಚಾಚಿ ನೇತಾಡುತ್ತಿತ್ತು.

"ಅಲ್ಲೇ ಇದೆಯಲ್ಲ ಸೊಸೆಯಮ್ಮ."

"ಕರಡಿ ಇದೆ. ಕರಡಿಯ ದಾಖಲೆ ಇಲ್ಲ."

ಅವರು ಹತ್ತಿರ ಹೋಗಿ ಕರಡಿಯ ತೋಳು ಹಿಂಡಿ ನೋಡಿದರು. "ಇದಕ್ಕೆ ಗೊತ್ತಿದ್ದ ಹಾಗಿಲ್ಲ" ಎಂದರು.


ಫೆಬ್ರವರಿ 13, ಗುರುವಾರ

ಹೇಳಿದೆ.

ಬಾಗಿಲು ತೆಗೆದು ಕೈಚೀಲ ಕೆಳಗಿಡುವ ಮೊದಲೇ ಹೇಳಿಬಿಟ್ಟೆ, ಇಲ್ಲದಿದ್ದರೆ ಸಂಜೆಯವರೆಗೆ ಸರಿಯಾದ ಗಳಿಗೆ ಹುಡುಕುತ್ತಿದ್ದೆ. ನಾದಿನಿ ಕುರ್ಚಿಯಲ್ಲಿ ಕೂತಳು. ನಾನೂ ಕೂತೆ, ಈ ಸಲ ಯಾರು ಮೊದಲು ಎಂಬ ಗೊಂದಲವಾಗಲಿಲ್ಲ. ತಾಯಿ, ಮಕ್ಕಳು, ಕ್ಯಾಸ್ಕೇಡ್ ಎಂದು ವಿವರಿಸಿದೆ.

"ಅಂದ್ರೆ," ಎಂದಳು ಕೊನೆಗೆ, "ಅಮ್ಮ ಒಂದು ನಾಲಿಗೆ ಹೊಲಿದಿದ್ದಕ್ಕೆ ನೀವು ಇಡೀ ಕರಡಿನೇ ತೆಗೆದ್ರಿ."

ಹೌದು ಎಂದೆ. ಅದಕ್ಕಿಂತ ಚೆನ್ನಾಗಿ ನಾನೂ ವಿವರಿಸಿರಲಿಲ್ಲ.

ಅವಳು ನಗಲಿಲ್ಲ. ಎದ್ದು ಮೆಟ್ಟಿಲಡಿಯ ಹಲಗೆಯನ್ನು ಒಂದು ಸಲ ನೋಡಿ ಬಂದಳು. ಹಲಗೆಯ ಮೊಳೆಗಳೂ ಖಾಲಿ. ಅಮ್ಮನಿಗೆ ಹೇಳಬೇಡಿ ಎಂದಷ್ಟೇ ಹೇಳಿ ಮೇಲಿನ ಮಹಡಿಗೆ ಹೋದಳು. ಸಂಜೆಯವರೆಗೆ ಮೇಲೆ ಹ್ಯಾಂಗರುಗಳನ್ನು ಸರಿಸುವ ಸದ್ದು ಕೇಳುತ್ತಿತ್ತು. ಯಾವ ಕೆಲಸಕ್ಕೂ ಅಷ್ಟು ಸರಿಸಬೇಕಿಲ್ಲ.

ಮನೆಯಲ್ಲಿ ಇವರಿಗೆ ಹೇಳಿದೆ. ಪಟ್ಟಿ ಕಾಣಲಿಲ್ಲವೋ, ನೋಡಲಿಲ್ಲವೋ ಎಂದು ಕೇಳಿದರು. ಮೊದಲನೆಯದಾದರೆ ಅಂಗಡಿಗೆ ಬಾ, ಎರಡನೆಯದಕ್ಕೆ ನಮ್ಮಲ್ಲಿ ಕನ್ನಡಕವಿಲ್ಲ ಎಂದರು.


ಫೆಬ್ರವರಿ 14, ಶುಕ್ರವಾರ

ನಾದಿನಿಯ ತೀರ್ಮಾನ: ಎಲ್ಲ ಗಿರಾಕಿಗಳಿಗೂ ಸಂದೇಶ ಕಳಿಸಿ, ಭಾನುವಾರ ಬಂದು ತಾವು ಏನು ಬುಕ್ ಮಾಡಿದ್ದೆವೆಂದು ಹೇಳಿಹೋಗಲು ಕೇಳುವುದು.

ಸಂದೇಶ ನಾನು ಬರೆದೆ. "ಅನಿವಾರ್ಯ ತಾಂತ್ರಿಕ ಕಾರಣಗಳಿಂದ ತಮ್ಮ ಮಾಹಿತಿಯನ್ನು ಮರುಪರಿಶೀಲಿಸಲಾಗುತ್ತಿದ್ದು..." ಇಂಥ ವಾಕ್ಯ ನನಗೆ ನಿದ್ದೆಯಲ್ಲೂ ಬರುತ್ತದೆ. ನನ್ನನ್ನು ಕೆಲಸದಿಂದ ತೆಗೆದಾಗ ಬಂದ ಪತ್ರವೂ ಹೆಚ್ಚುಕಡಿಮೆ ಹೀಗೇ ಶುರುವಾಗಿತ್ತು.

ನಾದಿನಿ ಓದಿ, ತಾಂತ್ರಿಕ ಕಾರಣ ಅಂದರೆ ಯಾರು ಎಂದು ಕೇಳಿದಳು. ನಾನು ಎಂದೆ. ಅವಳು ಫೋನು ಇಸಿದುಕೊಂಡು ಅಳಿಸಿ ತಾನೇ ಬರೆದಳು: "ನಮ್ಮ ಕೈತಪ್ಪಿನಿಂದ ನಿಮ್ಮ ಬುಕಿಂಗ್ ಅಳಿಸಿಹೋಗಿದೆ. ಕೊಟ್ಟ ಮಾತು ಉಳಿಸಿಕೊಳ್ಳಬೇಕು. ದಯವಿಟ್ಟು ಬನ್ನಿ." ನಮ್ಮ ಅತ್ತಿಗೆಯ ಕೈತಪ್ಪಿನಿಂದ ಎಂದು ಹಾಕು, ನನಗೇನೂ ಇಲ್ಲ ಎಂದೆ. ಅಂಗಡಿಗೆ ಕೈ ಒಂದೇ ಎಂದು ಕಳಿಸಿಬಿಟ್ಟಳು.

ಜನ ಸುಳ್ಳು ಹೇಳಿದರೆ? ಹೆಚ್ಚು ಕೇಳಿದರೆ? ನಾನು ಸಂಭವನೀಯ ತೊಂದರೆಗಳ ಒಂದು ಟಿಪ್ಪಣಿ ಮಾಡತೊಡಗಿದೆ. ನಾದಿನಿ ನನ್ನ ಕೈಗೆ ಇಸ್ತ್ರಿಪೆಟ್ಟಿಗೆ ಕೊಟ್ಟಳು.


ಫೆಬ್ರವರಿ 16, ಭಾನುವಾರ

ಬಂದರು. ಮೆಟ್ಟಿಲ ತುಂಬ ಜನ. ನಾನು ಬಾಗಿಲಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು ಹೇಳಿದ್ದನ್ನೆಲ್ಲ ಏರಿಸಿದೆ. ತಪ್ಪು ಯಾರದು ಎಂದು ಕೇಳಿದವರಿಗೆಲ್ಲ ನನ್ನದು ಎಂದೆ. ಆರನೆಯವರ ಹೊತ್ತಿಗೆ ಅದು ನಮಸ್ಕಾರ ಹೇಳಿದಷ್ಟು ಸಲೀಸಾಗಿತ್ತು.

ಯಾರೂ ಹೆಚ್ಚು ಕೇಳಲಿಲ್ಲ. ಬದಲಿಗೆ, ಬ್ಯಾಂಕಿನ ಮ್ಯಾನೇಜರು, ಮೊದಲು ತಾವೇ ಒಪ್ಪಿದ್ದ ಸೇನಾಪತಿ ಉಡುಪು ತಮಗೆ ನೆನಪೇ ಇಲ್ಲ ಎಂದರು. ಅವರ ಹೊಟ್ಟೆ ನೋಡಿದರೆ ನೆನಪಿಲ್ಲದ್ದೇ ಒಳ್ಳೆಯದು.

ಎಲ್ಲ ಮುಗಿಯಿತು ಎನ್ನುವಾಗ ಕರಡಿ. ಒಂದು ಶಾಲೆಯ ನಾಟಕದ ಮೇಡಂ ಇಪ್ಪತ್ತೆರಡಕ್ಕೆ ಕರಡಿ ತಮ್ಮದು ಎಂದರು. ಅವರ ಹಿಂದೆಯೇ ನಿಂತಿದ್ದ ನಿವೃತ್ತ ನ್ಯಾಯಾಧೀಶರು ಗಂಟಲು ಸರಿಮಾಡಿಕೊಂಡರು. ಅವರದು ನಿವೃತ್ತರ ಹವ್ಯಾಸಿ ತಂಡ. ಇಪ್ಪತ್ತೆರಡಕ್ಕೇ ಅವರ ನಾಟಕ, ಕರಡಿಯ ಪಾತ್ರ ಸ್ವತಃ ಅವರದೇ. ನಾನು ನಿಯಮ ವಿವರಿಸಿದೆ: ಒಂದು ದಿನಕ್ಕೆ ಒಬ್ಬರಿಗಿಂತ ಹೆಚ್ಚು ಬುಕಿಂಗ್ ಸಾಧ್ಯವೇ ಇರಲಿಲ್ಲ, ಆದ್ದರಿಂದ ಇಬ್ಬರಲ್ಲಿ ಒಬ್ಬರಿಗೆ ನೆನಪು ತಪ್ಪಿರಬೇಕು.

ಮೂವತ್ತು ವರ್ಷ ಬೇರೆಯವರ ಸಾಕ್ಷ್ಯ ತೂಗಿದವರಿಗೆ ನಿಮ್ಮ ಸಾಕ್ಷ್ಯ ಸಾಲದು ಎಂದಿದ್ದೆ.

"ತಾಯಿ," ಎಂದರು ಅವರು ತುಂಬ ಮೃದುವಾಗಿ, "ಅಳಿಸಿದವರು ನೀವು. ಮರೆತವನು ನಾನಾ?"

ನಾದಿನಿ ಇಬ್ಬರಿಗೂ ನಾಳೆ ಹೇಳುತ್ತೇವೆ ಎಂದು ಕಳಿಸಿದಳು. ಒಬ್ಬರಿಗೆ ಮಾತು ತಪ್ಪಲೇಬೇಕು. ಲೈಟು ಆರಿಸುವಾಗ ಅವಳು ಬಾಗಿಲ ಹಿಂದಿನ ಕರಡಿಯನ್ನು ಮಾತಾಡಿಸಲಿಲ್ಲ; ಇತ್ತೀಚೆಗೆ ಅದಕ್ಕೆ "ಬರ್ತೀನಪ್ಪ" ಎಂದು ಹೇಳಿ ಹೊರಡುವುದು ಅವಳ ಅಭ್ಯಾಸವಾಗಿತ್ತು.


ಫೆಬ್ರವರಿ 17, ಸೋಮವಾರ

ಇಬ್ಬರೂ ನಿಜ ಹೇಳಿದ್ದರು.

ಬೆಳಿಗ್ಗೆ ಸೂಜಿಯಮ್ಮ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚುತ್ತ ವಿಷಯ ಹೊರಗೆ ಹಾಕಿದರು. ಶಾಲೆಯ ಬುಕಿಂಗ್ ಮೊದಲು ಬಂದಿತ್ತು. ನ್ಯಾಯಾಧೀಶರು ಕೇಳಿದಾಗ ನನ್ನ ಪರದೆ ಇಲ್ಲ ಎಂದಿತು. ಸೂಜಿಯಮ್ಮ ಅವರನ್ನು ಪಕ್ಕಕ್ಕೆ ಕರೆದು, ಅದು ಹಾಗೇ ಅನ್ನುತ್ತಿರುತ್ತದೆ, ಕರಡಿ ನಾನು ಕೊಡುತ್ತೇನೆ ಎಂದರು. ಶಾಲೆಯದು ಮಧ್ಯಾಹ್ನ, ಅವರದು ಸಂಜೆ ಏಳಕ್ಕೆ. ಎರಡಕ್ಕೂ ಆಗುತ್ತದಲ್ಲ? ಆಮೇಲೆ ಅದನ್ನು ನಮಗೆ ಹೇಳಲು ಮರೆತರು.

ಅಂದರೆ ನಾನು ಏನನ್ನೂ ಅಳಿಸದೇ ಇದ್ದಿದ್ದರೆ, ಇಪ್ಪತ್ತೆರಡರ ಸಂಜೆ ನ್ಯಾಯಾಧೀಶರು ಬಂದು ಬಾಗಿಲು ತಟ್ಟಿದಾಗಲೇ ನಮಗೆ ತಿಳಿಯುತ್ತಿತ್ತು. ಇದರಿಂದ ನನ್ನ ತಪ್ಪು ಚಿಕ್ಕದಾಗುತ್ತದೆಯೇ? ಆಗಬೇಕೆಂದು ಅರ್ಧ ಗಂಟೆ ಪ್ರಯತ್ನಿಸಿದೆ. ಆಗಲಿಲ್ಲ. ಒಂದು ದಿನಕ್ಕೆ ಒಬ್ಬರೇ ಎಂದದ್ದೂ ನಾನೇ. ದಿನವೆಂದರೆ ಒಡೆಯದ ಗಡಿಗೆ ಎಂದುಕೊಂಡಿದ್ದೆ. ಈ ಅಂಗಡಿಯಲ್ಲಿ ದಿನವನ್ನೂ ಕತ್ತರಿಸಿ ಎರಡು ಮಾಡುತ್ತಾರೆ.

ನಾದಿನಿ ನಮ್ಮಿಬ್ಬರನ್ನೂ ಒಂದೇ ಉಸಿರಿನಲ್ಲಿ ಬೈದಳು. ನನ್ನನ್ನು ಬೈದದ್ದು ಇದೇ ಮೊದಲು. "ಒಬ್ಬರು ಕೇಳದೇನೇ ಅಳಿಸ್ತೀರಿ, ಇನ್ನೊಬ್ಬರು ಹೇಳದೇನೇ ಕೊಡ್ತೀರಿ. ನಾನು ಅಂಗಡಿ ಇಟ್ಟಿರೋದಾ, ಗಾಳಿಗೆ ಬಾಗಿಲು ಇಟ್ಟಿರೋದಾ?" ಸೂಜಿಯಮ್ಮ ನನ್ನ ಕಡೆ ನೋಡಿದರು, ನಾನು ಅವರ ಕಡೆ. ನಮ್ಮಿಬ್ಬರಲ್ಲಿ ಮೊದಲ ಸಲ ಒಗ್ಗಟ್ಟು.

ಮಧ್ಯಾಹ್ನದ ನಾಟಕ ನಾಲ್ಕೂವರೆಗೆ ಮುಗಿಯುತ್ತದೆ. ಅಲ್ಲಿಂದ ಊರಿನ ಆ ತುದಿಗೆ ಕರಡಿಯನ್ನು ಒಯ್ಯಬೇಕು. ನಾನೇ ಒಯ್ಯುತ್ತೇನೆ ಎಂದೆ.


ಫೆಬ್ರವರಿ 22, ಶನಿವಾರ

ಶಾಲೆಯ ಕರಡಿ ವೇದಿಕೆಯಿಂದ ಇಳಿದು ಬಂದಾಗ ಮೈಯೆಲ್ಲ ಬೆವರು, ನಾಲಿಗೆ ನಾಪತ್ತೆ. ಕೊನೆಯ ದೃಶ್ಯದಲ್ಲಿ ಮೊಲ ಎಳೆದುಕೊಂಡು ಓಡಿತಂತೆ. ಮೂವತ್ತು ಮೊಲಗಳಿದ್ದವು, ಒಂದೂ ಒಪ್ಪಿಕೊಳ್ಳಲಿಲ್ಲ.

ವ್ಯಾನಿನಲ್ಲಿ ಸೂಜಿಯಮ್ಮ ಕರಡಿಯ ಒಳಗನ್ನು ಕಿಟಕಿಯ ಗಾಳಿಗೆ ಒಡ್ಡಿ ಹಿಡಿದಿದ್ದರು, ತಲೆ ನನ್ನ ತೊಡೆಯ ಮೇಲಿತ್ತು. ನ್ಯಾಯಾಧೀಶರ ನಾಟಕದಲ್ಲಿ ಕರಡಿ ನಾಲಿಗೆ ಚಾಚುವುದೇ ಮುಖ್ಯ. ಕೆಂಪು ಬಟ್ಟೆ ಬೇಕು. ಸೂಜಿಯಮ್ಮನ ಕಣ್ಣು ನನ್ನ ಚೀಲದ ಮೇಲೆ ಬಿತ್ತು. ಹತ್ತು ವರ್ಷ ತುಂಬಿದಾಗ ಹಳೆಯ ಕಂಪನಿ ಕೊಟ್ಟ ಚರ್ಮದ ಚೀಲ. ಹೊರಗೆ ಕಪ್ಪು, ಒಳಗೆ ಗಟ್ಟಿ ಕೆಂಪು ಬಟ್ಟೆಯ ಅಸ್ತರಿ. ಆಗಬಹುದಾ ಎಂದು ಅವರು ಕೇಳುವುದರೊಳಗೆ ಫೋನು ರಿಂಗಾಯಿತು. ಐದು ಗಂಟೆ. ಸಂದರ್ಶನ.

ಮರೆತೇಬಿಟ್ಟಿದ್ದೆ.

ಎಲ್ಲಿದ್ದೀರಿ ಎಂದು ಕೇಳಿದರು. ಕೆಲಸದ ಮೇಲೆ ಹೊರಗಿದ್ದೇನೆ ಎಂದೆ, ಒಂದು ಕೈಯಲ್ಲಿ ಕರಡಿಯ ಕಿವಿ ಹಿಡಿದುಕೊಂಡು. ಇನ್ನೊಂದು ಕೈಯಿಂದ ಚೀಲದಲ್ಲಿದ್ದದ್ದನ್ನೆಲ್ಲ ಸೀಟಿನ ಮೇಲೆ ಸುರಿದು ಸೂಜಿಯಮ್ಮನಿಗೆ ಚಾಚಿದೆ. ಡೇಟಾ ಕಳೆದುಹೋದ ಅನುಭವ ಇದೆಯೇ ಎಂದರು. ಇದೆ ಎಂದೆ. ವಿವರಿಸಿದೆ. ಹಿಂದೆ ಕತ್ತರಿಯ ಸದ್ದು. ಅವರು ನಡುನಡುವೆ ಫೋನಿನ ಆ ಬದಿಯಲ್ಲಿ ಕೆಮ್ಮುತ್ತಿದ್ದರು. ನಗುತ್ತಿದ್ದರೋ ಏನೋ, ನನಗೆ ವಿಚಾರಿಸುವಷ್ಟು ಪುರಸೊತ್ತಿರಲಿಲ್ಲ. ಮುಂದಿನ ತಿರುವಿನಲ್ಲಿ ಎಡಕ್ಕೆ ಎಂದು ಡ್ರೈವರಿಗೆ ಹೇಳಬೇಕಿತ್ತು.

ಆರೂಮುಕ್ಕಾಲಿಗೆ ತಲುಪಿದೆವು. ನ್ಯಾಯಾಧೀಶರು ಒದ್ದೆಯ ಬಗ್ಗೆ ಚಕಾರವೆತ್ತಲಿಲ್ಲ. ಹೊಸ ನಾಲಿಗೆ ಹಳೆಯದಕ್ಕಿಂತ ಒಂದು ಗೇಣು ಉದ್ದವಾಗಿತ್ತು; ಮಿಕ್ಕ ಅಸ್ತರಿ ಬಟ್ಟೆ ಎಸೆಯಲು ಸೂಜಿಯಮ್ಮನಿಗೆ ಮನಸ್ಸು ಬಂದಿರಲಿಲ್ಲ. ನ್ಯಾಯಾಧೀಶರು ಅದನ್ನು ಚಾಚಿದಾಗ ಸಭೆ ಎಷ್ಟು ನಕ್ಕಿತೆಂದರೆ, ಪಾಪ, ಮುಂದಿನ ಮಾತು ಹೇಳಲು ಕರಡಿ ಬಹಳ ಹೊತ್ತು ಕಾಯಬೇಕಾಯಿತು. ಕಾಯುವಾಗ ಮತ್ತೆರಡು ಸಲ ಚಾಚಿತು.

ನಾದಿನಿ ವೇದಿಕೆಯ ಪರದೆಯ ಪಕ್ಕದಲ್ಲಿ ನನ್ನ ಜೊತೆ ನಿಂತಿದ್ದಳು. ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡು, ಅಮ್ಮನಿಗೆ ಹೇಳಬಹುದು ಈಗ, ಎಂದಳು.


ಮಾರ್ಚ್ 8, ಶನಿವಾರ

ಸೀಸನ್ ಮುಗಿಯಿತು. ಯಾರಿಗೂ ಮಾತು ತಪ್ಪಲಿಲ್ಲ. ನಾದಿನಿ ತೀರ್ಪು ಕೊಡುತ್ತಾಳೆಂದು ಕಾದೆ. ಅವಳು ಬಂದು, ಮುಂದಿನ ಸಲ ಗಡ್ಡ-ಮೀಸೆಗಳನ್ನೂ ಸೇರಿಸಿ ಅತ್ತಿಗೆ, ಈ ಸಲ ಎಡಮೀಸೆ ಒಂದು ಕಡೆ ಬಲಮೀಸೆ ಒಂದು ಕಡೆ ಹೋಗಿತ್ತು ಎಂದಳು. ಅಷ್ಟೇ. ಅದು ತೀರ್ಪೋ ಅಲ್ಲವೋ ಯೋಚಿಸಬೇಕು.

ನಮ್ಮ ಬುಕಿಂಗಿನಲ್ಲಿ ಈಗ ದಿನದ ಜೊತೆ ಹೊತ್ತೂ ಇದೆ, ಎಷ್ಟು ಗಂಟೆಯಿಂದ ಎಷ್ಟಕ್ಕೆ ಎಂದು. ದಿನವೂ ಅದು ತಾನೇ ಎಲ್ಲದರ ಪ್ರತಿ ತೆಗೆಯುತ್ತದೆ. ತಾಯಿಯನ್ನು ಅಳಿಸಲು ಹೋದರೆ, ಮಕ್ಕಳಿರುವಾಗ ಬಿಡುವುದಿಲ್ಲ ಎಂದು ಡೇಟಾಬೇಸೇ ಅಡ್ಡ ನಿಲ್ಲುತ್ತದೆ. ಅದಕ್ಕೆ ಬೇಕಿದ್ದದ್ದು ಒಂದೇ ಪದದ ಬದಲಾವಣೆ. ಅರುವತ್ತೆರಡನೆಯ ಮೈಗ್ರೇಶನ್. ಎಷ್ಟನೆಯದೆಂದು ಇವರು ಕೇಳಿದರು, ಹೇಳಲಿಲ್ಲ.

ಅತ್ತೆಗೆ ಎಲ್ಲ ಹೇಳಿದ್ದಾಯಿತು. ನಿಲುವಂಗಿ ಕತ್ತರಿಸಿದಾಗ ತಾವೂ ಮೂರು ದಿನ ಯಾರಿಗೂ ಹೇಳಿರಲಿಲ್ಲ ಎಂದರು. ಅಸ್ತರಿ ಕಿತ್ತ ಚೀಲ ತರಿಸಿ ನೋಡಿ, ಹೊಲಿಗೆ ಪರವಾಗಿಲ್ಲ ಎಂದೂ ಹೇಳಿದರು. ಅವರಿಂದ ಅದು ದೊಡ್ಡ ಮಾತು.


ಮಾರ್ಚ್ 12, ಬುಧವಾರ

ಆ ಕಂಪನಿಯವರು ನನ್ನನ್ನು ಆರಿಸಿದ್ದಾರೆ. ಸೋಮವಾರ ಬೆಳಿಗ್ಗೆ ಕಾಗದಪತ್ರಗಳೊಂದಿಗೆ ಬನ್ನಿ, ಅಂದೇ ಸೇರಿಕೊಳ್ಳಬಹುದು ಎಂದು ಬರೆದಿದ್ದಾರೆ. ಒಳ್ಳೆಯ ಸಂಬಳ.

ಕಾಗದಪತ್ರ ಒಯ್ಯಲು ಚೀಲ ಹುಡುಕಿದೆ. ಸಿಗಲಿಲ್ಲ. ಸೂಜಿಯಮ್ಮನನ್ನು ಕೇಳಿದರೆ ಪರದೆ ನೋಡಿ ಎಂದರು. ಕರಡಿಗೆ ಈಗ ತಾಯಿ ಬದಲಾಗಿದೆ. ಯಾವುದರಿಂದ ಆಯಿತು ಎಂಬ ಅಂಕಣದಲ್ಲಿ ಅವರು "ಸೊಸೆಯಮ್ಮನ ಚೀಲ" ಎಂದು ತುಂಬಲು ಹೋಗಿದ್ದಾರೆ. ಇಲ್ಲದ ತಾಯಿಯ ಹೆಸರನ್ನು ಡೇಟಾಬೇಸು ಒಪ್ಪುವುದಿಲ್ಲ, ಆ ನಿಯಮ ಮೊದಲಿನಿಂದಲೂ ಇದೆ. ಹಾಗಾಗಿ ಚೀಲವನ್ನೂ ಉಡುಪುಗಳ ಟೇಬಲಿನಲ್ಲಿ ಸೇರಿಸಿದ್ದಾರೆ: "ಚೀಲ, ಕಪ್ಪು, ದೊಡ್ಡ ಅಧಿಕಾರಿಗಳಿಗೆ, ಒಳಗೆ ಏನೂ ಇಲ್ಲ."

ಅದನ್ನು ಯಾರೋ ನೋಡಿ ಬುಕ್ ಮಾಡಿದ್ದಾರೆ. ಒಂದು ನಾಟಕ ತಂಡ, ಇವತ್ತಿನಿಂದ ಸೋಮವಾರ ರಾತ್ರಿಯವರೆಗೆ. ಮುಂಗಡ ಕೊಟ್ಟು ಒಯ್ದೂ ಆಗಿದೆ. ನಾದಿನಿ ಫೋನು ಮಾಡಿ ವಾಪಸ್ ಕೇಳಲೇ ಎಂದಳು. ಬೇಡ ಎಂದೆ. ಕೊಟ್ಟ ಮಾತು ಕೊಟ್ಟದ್ದೇ.

ಕಂಪನಿಗೆ ಉತ್ತರ ಬರೆದೆ. ತಮ್ಮ ಆಯ್ಕೆಗೆ ಧನ್ಯವಾದ, ಸೋಮವಾರ ಬರಲಾಗುವುದಿಲ್ಲ, ನನ್ನ ಚೀಲ ಬಾಡಿಗೆಗೆ ಹೋಗಿದೆ, ಗಡ್ಡ-ಮೀಸೆಗಳ ಕೆಲಸವೂ ಇದೆ, ಆದ್ದರಿಂದ ದಯವಿಟ್ಟು ಬೇರೆಯವರನ್ನು ನೋಡಿಕೊಳ್ಳಿ ಎಂದು. ಕಳಿಸಿದ ಮೇಲೆ ಇವರಿಗೆ ಓದಿ ಹೇಳಿದೆ. ಇವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಮನೆಯಲ್ಲಿ ಬೇರೆ ಚೀಲ ಇರಲಿಲ್ಲವಾ ಎಂದು ಕೇಳಿದರು.

ಇದ್ದವು.